ಕಾರ್ತಿಕದಲ್ಲಿ ತತ್ತಿ ಯಾರು ತಿನ್ನುತ್ತಾರೆ

“ಕಾರ್ತೀಕ ಮಾಸಂಲೋ ಗುಡ್ಲು ಎವಡ್ರಾ ತಿನೇದಿ?”

ನಾಗೇಶ್ವರರಾವ್ ನನ್ನ ಕಾಲರ್ ಹಿಡಿದು ಕೂಗಿದ ಮಾತು ಇದು. ಗುಡ್ಲು ಎಂದರೆ ತತ್ತಿ. ಕಾರ್ತಿಕ ಮಾಸದಲ್ಲಿ ತತ್ತಿ ತಿನ್ನುವವನು ಯಾವನಲೇ ಎಂದು ಕೇಳುತ್ತಿದ್ದ. ಬಾಯಿಂದ ಬೀಡಿಯ ವಾಸನೆ ಬರುತ್ತಿತ್ತು. ನನಗಿಂತ ಎರಡು ಪಟ್ಟು ವಯಸ್ಸು, ಆದರೆ ಹಿಡಿತ ಗಟ್ಟಿ.

ವಿಜಯವಾಡದ ಭವಾನಿಪುರಂನಲ್ಲಿ ನಮ್ಮ ಕಂಪನಿಯ ತತ್ತಿ ಗೋದಾಮು ಇದೆ. ಬೆಳಗಿನ ಹೊತ್ತು. ವ್ಯಾನಿಗೆ ಟ್ರೇ ತುಂಬುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು. ಬಿಡಿಸಲು ಒಬ್ಬನೂ ಬರಲಿಲ್ಲ. ನಾನು ವಿಶಾಖಪಟ್ಟಣದಿಂದ ತಂದಿದ್ದ ರಿಪೋರ್ಟ್ ನೆಲಕ್ಕೆ ಬಿದ್ದಿತ್ತು. ಅದರ ಮೇಲೆ ಒಡೆದ ತತ್ತಿಯ ಲೋಳೆ.

ರಿಪೋರ್ಟಿನಲ್ಲಿ ಇದ್ದದ್ದು ಇಷ್ಟೇ. ಒಂದು ವ್ಯಾನ್ ದಿನಾ ಸುತ್ತುವ ಅಂಗಡಿಗಳ ದಾರಿಗೆ ನಮ್ಮಲ್ಲಿ ಲೈನ್ ಎನ್ನುತ್ತಾರೆ. ಎಲ್ಲ ಲೈನುಗಳಲ್ಲಿ ಭವಾನಿಪುರಂ ಲೈನಿನ ವ್ಯಾಪಾರ ಈ ತಿಂಗಳು ಎಲ್ಲಕ್ಕಿಂತ ಹೆಚ್ಚು ಬಿದ್ದಿದೆ. ಆದ್ದರಿಂದ ಅದನ್ನು ಮುಚ್ಚುವುದು ಒಳ್ಳೆಯದು. ಕೆಳಗೆ ನನ್ನ ಹೆಸರು. ಆ ಲೈನ್ ಓಡಿಸುವವನು ನಾಗೇಶ್ವರರಾವ್. ಈಗಿನ ಮಾಲೀಕನ ಅಪ್ಪನ ಕಾಲದಿಂದ ಓಡಿಸುತ್ತಿದ್ದಾನೆ. ಲೈನ್ ಹೋದರೆ ಅವನ ಕೆಲಸವೂ ಹೋಯಿತು. ಆ ವಯಸ್ಸಿನಲ್ಲಿ ಬೇರೆ ಯಾರೂ ಸ್ಟೇರಿಂಗ್ ಕೊಡುವುದಿಲ್ಲ.

ನನಗೆ ಅವನ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಾರ್ತಿಕದಲ್ಲಿ ತತ್ತಿ ಯಾಕೆ ತಿನ್ನಬಾರದು? ನಮ್ಮ ರೋಣದ ಕಡೆ ತತ್ತಿ, ಮಾಂಸ ಬಿಡುವುದು ಶ್ರಾವಣದಲ್ಲಿ. ಶ್ರಾವಣ ಮುಗಿದರೆ ಮುಗಿಯಿತು. ಕಾರ್ತಿಕದಲ್ಲಿ ಗುಡಿಗೆ ಹೋಗಿ ದೀಪ ಹಚ್ಚುತ್ತೇವೆ, ಮನೆಗೆ ಬಂದು ತತ್ತಿ ಸಾರು ಉಣ್ಣುತ್ತೇವೆ. ಯಾರೂ ಕಾಲರ್ ಹಿಡಿಯುವುದಿಲ್ಲ.

ಊರಿನಲ್ಲಿ ನನ್ನ ಬಗ್ಗೆ ಏನೇನೋ ಹಬ್ಬಿದೆಯಂತೆ. ಕಂಪ್ಯೂಟರ್ ಕೆಲಸ, ಎಸಿ ರೂಮು, ಸಮುದ್ರದ ಊರು. ನಮ್ಮ ಹುಡುಗನಿಗೂ ಡೇಟಾ ಕೆಲಸ ಕೊಡಿಸಪ್ಪ ಎಂದು ಫೋನ್ ಮೇಲೆ ಫೋನ್. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ. ಆಮೇಲೆ ಫೋನ್ ಮಾಡಬೇಡಿ.

ನಾನು ಹತ್ತನೇ ಇಯತ್ತೆ ಎರಡು ಸಲ ಕೂತು ಪಾಸಾದವನು. ರೋಣದಲ್ಲಿ ಶೇಂಗಾ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದೆ. ಮಿಲ್ಲು ನಿಂತಿತು. ಅಕ್ಕನ ಗಂಡ ನೌಕಾಪಡೆಯಲ್ಲಿ ಇದ್ದಾರೆ, ವಿಶಾಖಪಟ್ಟಣದಲ್ಲಿ. ಅಕ್ಕ ಬಾ ಎಂದಳು, ಹೋದೆ. ಅವರ ಕ್ವಾರ್ಟರ್ಸಿನಲ್ಲಿ ಹೊರಗಿನವರು ಬಹಳ ದಿನ ಇರುವಂತಿಲ್ಲ. ಗಾಜುವಾಕದಲ್ಲಿ ಒಂದು ರೂಮು ಹುಡುಕಿಕೊಂಡೆ.

ಮನೆಯ ಮಾಲಕಿ ಒಬ್ಬ ಮುದುಕಿ. ಮೊದಲ ಪ್ರಶ್ನೆಯೇ “ನೀ ಇಂಟಿಪೇರು ಏಟಿ?” ಇಂಟಿಪೇರು ಎಂದರೆ ಮನೆತನದ ಹೆಸರು. ಇಲ್ಲಿ ಎಲ್ಲರಿಗೂ ಅದು ಇರುತ್ತದೆ, ಸ್ವಂತ ಹೆಸರಿನ ಮುಂದೆ ಕೂರುತ್ತದೆ. ನನಗೆ ಅಂಥದ್ದು ಇರಲಿಲ್ಲ. ಊರಿನ ಹೆಸರು ಹೇಳಿದೆ. ಮುದುಕಿ ಸ್ವಲ್ಪ ಹೊತ್ತು ಬಾಯಲ್ಲಿ ಅದನ್ನು ಹೊರಳಿಸಿ ನೋಡಿದಳು. ಯಾವ ಜಾತಿ ಎಂದು ಅದರಿಂದ ತಿಳಿಯಲಿಲ್ಲ. ಆಮೇಲೆ ನೇರವಾಗಿಯೇ ಕೇಳಿದಳು. ನಮ್ಮೂರಿನಲ್ಲಿ ಜಾತಿ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಕೇಳುವ ಕೆಲಸವಿಲ್ಲ. ವ್ಯತ್ಯಾಸ ಅಷ್ಟೇ.

ರೋಣದ ಬಿಸಿಲು ಸುಡುತ್ತದೆ. ಗಾಜುವಾಕದ ಬಿಸಿಲು ಬೇಯಿಸುತ್ತದೆ. ಮೈ ಒಣಗುವುದೇ ಇಲ್ಲ. ಬೆಳಿಗ್ಗೆ ಒಣಗಲು ಹಾಕಿದ ಬಿಳಿ ಬನಿಯನ್ ಸಂಜೆಗೆ ಬೂದಿ ಬಣ್ಣ, ಗಾಳಿಯಲ್ಲಿ ಅಷ್ಟು ಕರಿ ಧೂಳು. ನಮ್ಮಲ್ಲಿ ಊಟವೆಂದರೆ ರೊಟ್ಟಿ, ಕೊನೆಗೆ ಒಂದು ಹಿಡಿ ಅನ್ನ. ಇಲ್ಲಿ ಮೊದಲೂ ಅನ್ನ, ನಡುವೆಯೂ ಅನ್ನ, ಕೊನೆಗೂ ಅನ್ನ. ಪಪ್ಪು ಎಂದು ಬೇಳೆ ಹಾಕುತ್ತಾರೆ. ಗೋಂಗೂರ ಎಂದು ಒಂದು ಚಟ್ನಿ. ಅದು ನಮ್ಮ ಪುಂಡಿಪಲ್ಲೆಯೇ, ಆದರೆ ಹಾಗೆಂದರೆ ಇವರು ಒಪ್ಪುವುದಿಲ್ಲ, ಜಗತ್ತಿನಲ್ಲಿ ಇವರೊಬ್ಬರಿಗೇ ದೇವರು ಕೊಟ್ಟ ಹಾಗೆ ಮಾತಾಡುತ್ತಾರೆ.

ಸಮುದ್ರ ನೋಡಿದೆಯಾ ಎಂದು ಎಲ್ಲರೂ ಕೇಳುತ್ತೀರಿ. ನೋಡಿದೆ. ನೀರು. ಉಪ್ಪು. ಜನ ಅದರ ಮುಂದೆ ನಿಂತು ಮುಂತ ಎಂಬ ಹಸಿ ಈರುಳ್ಳಿ ಹಾಕಿದ ಮಂಡಕ್ಕಿ ತಿನ್ನುತ್ತಾರೆ. ನಮ್ಮ ಗಿರಮಿಟ್ಟಿನ ಮುಂದೆ ಅದು ಏನೂ ಅಲ್ಲ.

ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದೆ. ಅಕ್ಕ ಬಾಗಿಲಲ್ಲೇ ಶುರು ಮಾಡುತ್ತಿದ್ದಳು.

“ಯಾಕೋ ಹನಮಾ, ಮಾರಿ ಹಿಂಗ್ಯಾಕ ಮಾಡೀ? ಉಂಡೀಯಿಲ್ಲೋ?”

“ಉಂಡೇನಿ. ಅನ್ನ.”

“ಅನ್ನ ಅಂದ್ರ ಊಟ ಅಲ್ಲೇನು?”

“ಅಲ್ಲ.”

ಅಕ್ಕನ ಮಗಳು ಚಿನ್ನು ಅಲ್ಲೇ ಹುಟ್ಟಿದವಳು. ನನ್ನ ಮಾತು ಕೇಳಿ ನಗುತ್ತಿದ್ದಳು. ಅಕ್ಕ ಕನ್ನಡದಲ್ಲಿ ಬೈದರೆ ಅವಳು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. “ಮಾಮನ ಕೂಡ ಕನ್ನಡದಾಗ ಮಾತಾಡವಾ” ಎಂದರೆ, “ನಾಕು ರಾದು,” ನನಗೆ ಬರುವುದಿಲ್ಲ ಎಂದು ಹೇಳಿ ಓಡಿಹೋಗುತ್ತಿದ್ದಳು. ಬರುತ್ತಿತ್ತು. ಅಜ್ಜಿಯ ಫೋನ್ ಬಂದಾಗ ಮಾತ್ರ ಬರುತ್ತಿತ್ತು.

ಕನ್ನಡದವರು ಬೇರೆ ಇದ್ದಾರೆ. ವರ್ಗವಾಗಿ ಬಂದ ಬ್ಯಾಂಕಿನವರು. ರಾಜ್ಯೋತ್ಸವ ಮಾಡುತ್ತಾರೆ ಬಾ ಎಂದು ಅಕ್ಕ ಕರೆದುಕೊಂಡು ಹೋದಳು. ಒಬ್ಬ ಅಧಿಕಾರಿ ನನ್ನ ಹೆಗಲ ಮೇಲೆ ಕೈ ಹಾಕಿ ಕೇಳಿದರು:

“ಏನಪ್ಪಾ, ಎಷ್ಟು ಓದಿದ್ದೀಯಾ?”

“ಟೆಂತ್ ರೀ.”

ಹೆಗಲ ಮೇಲಿನ ಕೈ ಇಳಿಯಿತು. “ಸರಿ ಸರಿ. ಆ ಕುರ್ಚಿಗಳನ್ನ ಸ್ವಲ್ಪ ಒಳಗಡೆ ಇಡ್ತೀಯೇನಪ್ಪಾ?”

ಇಟ್ಟೆ. ನಾಡಗೀತೆ ಮುಗಿಯುವ ತನಕ ನಿಂತೆ. ಬಂದೆ. ಮತ್ತೆ ಹೋಗಿಲ್ಲ. ಕುರ್ಚಿ ಹೊರಲು ರೋಣ ಬಿಟ್ಟು ಬರಬೇಕಿರಲಿಲ್ಲ.

ಕೆಲಸ ಸಿಕ್ಕಿದ್ದು ತತ್ತಿಯ ಹೋಲ್‌ಸೇಲ್ ವ್ಯಾಪಾರದಲ್ಲಿ. ಗೋದಾವರಿ ಕಡೆಯ ಫಾರ್ಮುಗಳಿಂದ ಲಾರಿಯಲ್ಲಿ ಬರುತ್ತಿದ್ದವು, ಇಳಿಸುತ್ತಿದ್ದೆ. ಶೇಂಗಾ ಚೀಲ ಎತ್ತಿ ಒಗೆದರೂ ನಡೆಯುತ್ತದೆ. ತತ್ತಿಯ ಟ್ರೇ ಹಿಡಿದವನು ಸೀನುವಂತೆಯೂ ಇಲ್ಲ.

ಮಾಲೀಕ ಪ್ರಸಾದ್. ಎಲ್ಲರೂ ಪ್ರಸಾದ್ ಗಾರು ಎನ್ನುತ್ತಾರೆ, ಗಾರು ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಒಂದು ದಿನ ಆಫೀಸಿಗೆ ಕರೆದ. ಅವನೂ ಮುಂದೆ ಬರುವವರೂ ತೆಲುಗಿನಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಬೇರೆ ನನಗೆ ಬರುವುದಿಲ್ಲ.

“ಬಾಬು, ನಿಂಗ ಇಲ್ಲಿ ಯಾರ್ ಯಾರ್ ಗೊತ್ತು?”

“ಅಕ್ಕ ಒಬ್ಬಾಕಿರಿ.”

“ವಿಜಯವಾಡದಾಗ?”

“ಯಾರೂ ಇಲ್ಲ್ರಿ. ಅದನ್ನ ನೋಡೇ ಇಲ್ಲ.”

“ಭಾಳ ಚಲೋ. ಕಂಪ್ಯೂಟರ್ ಕಲೀತಿಯೇನು?”

ಮೊದಲು ಆ ಕೆಲಸ ಮಾಡುತ್ತಿದ್ದವನು ವಿಜಯವಾಡದವನು, ಬಿಟ್ಟುಹೋಗಿದ್ದ. ಯಾಕೆ ಬಿಟ್ಟ ಎಂದು ನಾನು ಕೇಳಲಿಲ್ಲ. ನಾನು ನಂಬಿಕಸ್ಥ ಕಂಡಿರಬೇಕು ಎಂದುಕೊಂಡೆ. ಮಾಲೀಕ ದ್ವಾರಕಾ ನಗರದ ಒಂದು ಇನ್‌ಸ್ಟಿಟ್ಯೂಟಿಗೆ ಸೇರಿಸಿದ. ಡೇಟಾ ಅನಾಲಿಟಿಕ್ಸ್ ಅಂತೆ. ರಿಪೋರ್ಟ್ ಮಾಡುವುದು ಕಲಿತರೆ ಆಫೀಸಿನಲ್ಲಿ ಕುರ್ಚಿ, ಕಲಿಯದಿದ್ದರೆ ಮತ್ತೆ ಟ್ರೇ.

ದ್ವಾರಕಾ ನಗರದಲ್ಲಿ ಕಟ್ಟಡಕ್ಕೊಂದು ಇನ್‌ಸ್ಟಿಟ್ಯೂಟು. ಗೋಡೆ ಕಾಣುವುದಿಲ್ಲ, ಬೋರ್ಡೇ ಬೋರ್ಡು. ನಮ್ಮದು ಮೇಲಿನ ಮಹಡಿ. ಜೊತೆಗಿದ್ದವರೆಲ್ಲ ಇಂಜಿನಿಯರಿಂಗ್ ಮುಗಿಸಿದವರು. ಪಾಠ ಮಾಡುವವಳು ಸ್ವಾತಿ ಮೇಡಂ. ಮೊದಲ ದಿನ ಎಲ್ಲರ ಓದು ಕೇಳಿದಳು. ನಾನು ಟೆಂತ್ ಎಂದಾಗ ಹಿಂದಿನ ಬೆಂಚಿನವರು ನಕ್ಕರು. ಮೇಡಂ ಅವರನ್ನು ಬೈಯಲಿಲ್ಲ. “ನಾಲ್ಕು ದಿನ ಬಂದು ನೋಡು, ಆಗದಿದ್ದರೆ ಹೇಳು” ಎಂದು ನನಗೇ ಹೇಳಿದಳು.

ಡೇಟಾಬೇಸ್ ಎಂದರೆ ಹೆದರುವಂಥದ್ದು ಏನೂ ಇಲ್ಲ. ಅಡ್ಡ ಸಾಲು, ಉದ್ದ ಸಾಲು ಇರುವ ಟೇಬಲ್‌ಗಳು. ಒಂದರಲ್ಲಿ ಅಂಗಡಿಗಳು, ಇನ್ನೊಂದರಲ್ಲಿ ಮಾರಾಟ. ಪ್ರತಿ ಅಂಗಡಿಗೂ ಒಂದು ನಂಬರ್ ಇರಲೇಬೇಕು. ಹೆಸರು ನಂಬುವ ಹಾಗಿಲ್ಲ. ವಿಜಯವಾಡದಲ್ಲಿ ಕಲ್ಲು ಒಗೆದರೆ ಕನಕದುರ್ಗಾ ಕಿರಾಣಾ ಎಂಬ ಅಂಗಡಿಯ ಮೇಲೇ ಬೀಳುತ್ತದೆ. ಆ ನಂಬರ್ ಹಿಡಿದು ಎರಡು ಟೇಬಲ್ ಜೋಡಿಸಿದರೆ ಯಾರು ಎಷ್ಟು ಕೊಂಡರು ಎಂದು ಗೊತ್ತಾಗುತ್ತದೆ. ಜೋಡಿಸುವುದಕ್ಕೆ ಜಾಯಿನ್ ಎನ್ನುತ್ತಾರೆ. ಕೇಳುವುದಕ್ಕೆ ಸೆಲೆಕ್ಟ್, ಇಂಥವೇ ಬೇಕು ಎನ್ನುವುದಕ್ಕೆ ವೇರ್. ಹೀಗೆ ಕೈಬೆರಳಿನಲ್ಲಿ ಎಣಿಸುವಷ್ಟು ಮಾತುಗಳು.

ತೆಲುಗಿಗಿಂತ ಮೊದಲು ಅದನ್ನೇ ಕಲಿತೆ. ಸತ್ಯ ಹೇಳಬೇಕೆಂದರೆ ಆ ಊರಿನಲ್ಲಿ ನನ್ನನ್ನು ನೋಡಿ ನಗದ ಭಾಷೆ ಅದೊಂದೇ. ತಪ್ಪಾದರೆ ಕೆಂಪು ಅಕ್ಷರದಲ್ಲಿ ತಪ್ಪು ಎನ್ನುತ್ತದೆ, ಅಷ್ಟೇ. ನೀನು ಯಾವೂರು, ಯಾವ ಜಾತಿ, ಎಷ್ಟು ಓದಿದ್ದೀ ಎಂದು ಕೇಳುವುದಿಲ್ಲ. ಹಿಂದಿನ ಬೆಂಚಿನವರು ಮೊಬೈಲ್ ನೋಡುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅಲ್ಪವಿರಾಮ ಬಿಟ್ಟು ಬಿಟ್ಟು ಸಾಯುತ್ತಿದ್ದೆ.

ಮೇಡಂ ದಿನಾ ಎರಡು ಮಾತು ಹೇಳುತ್ತಿದ್ದಳು. ಒಂದು, ಡೇಟಾ ಸುಳ್ಳು ಹೇಳುವುದಿಲ್ಲ. ಇನ್ನೊಂದು, ಭಾನುವಾರವನ್ನು ಭಾನುವಾರದ ಜೊತೆ ಹೋಲಿಸಿ, ಸೋಮವಾರದ ಜೊತೆಗಲ್ಲ. ಮೊದಲನೆಯದು ನನಗೆ ಹಿಡಿಸಿತು. ಎರಡನೆಯದು ತಲೆಗೆ ಹೋಗಲಿಲ್ಲ. ನಮ್ಮ ತತ್ತಿ ವ್ಯಾನಿಗೆ ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ ಎಂದುಕೊಂಡೆ.

ಕುರ್ಚಿ ಸಿಕ್ಕಿತು. ಫ್ಯಾನಿನ ಕೆಳಗೆ. ಎಸಿ ಅಲ್ಲ, ನೆನಪಿರಲಿ.

ಮಾಲೀಕ ಬಂದು ನಿಂತ. “ಬಾಬು, ಹ್ವಾದ ತಿಂಗಳು, ಈ ತಿಂಗಳು. ಎರಡ ತಿಂಗಳು ಸಾಕು. ಯಾವ ಲೈನ್ ಹೆಚ್ಚು ಬಿದ್ದೈತಿ ತೋರಸು.”

“ಹ್ವಾದ ವರ್ಷದ್ದು ಹಾಕ್ಲೇನ್ರಿ?”

“ಹಳೇದ್ ತಗೊಂಡು ಏನ್ ಮಾಡ್ತಿ? ಎರಡ ತಿಂಗಳು.”

ಮಾಡಿದೆ. ಭವಾನಿಪುರಂ ಲೈನ್ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ಗ್ರಾಫಿನಲ್ಲಿ ಅದರ ಪಟ್ಟಿಗೆ ಕೆಂಪು ಬಣ್ಣ ಕೊಟ್ಟೆ. ಮಾಲೀಕನ ಮುಖ ಅರಳಿತು. ವ್ಯಾಪಾರ ಬಿದ್ದದ್ದು ನೋಡಿ ಮುಖ ಅರಳಿಸುವ ಮಾಲೀಕನನ್ನು ಅವತ್ತೇ ಮೊದಲು ನೋಡಿದ್ದು. ಆಗಲೇ ಅನುಮಾನ ಬರಬೇಕಿತ್ತು. ನಾನು ಹೊಗಳಿಕೆಗೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

“ನಾ ಹೇಳಲಿಲ್ಲ ನೋಡು. ಡೇಟಾ ಹೇಳೇತಿ,” ಎಂದ. “ಮುಚ್ಚೂದು ಚಲೋ ಅಂತ ಕೆಳಗ ಬರದು ನಿನ್ನ ಹೆಸರು ಹಾಕು. ನೀನ ಹೋಗಿ ಅವರಿಗೆ ತಿಳಿಸಿ ಬಾ.”

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರೈಲು ಹತ್ತಿದೆ. ಆ ಅಂಗಿಯ ಕಾಲರನ್ನೇ ನಾಗೇಶ್ವರರಾವ್ ಹಿಡಿದದ್ದು.

ಅವನು ಬಿಡುವ ಹೊತ್ತಿಗೆ ಒಂದು ಗುಂಡಿ ಕಿತ್ತುಬಂದಿತ್ತು. ನಾನು ಗಾಜುವಾಕದಲ್ಲಿ ಕಲಿತ ತೆಲುಗಿನಲ್ಲಿ “ಏಟಿ? ಏಟಯಿಂದಿ?” ಎಂದೆ. ಏನು, ಏನಾಯಿತು ಎಂದು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ವಿಜಯವಾಡದವರು ‘ಏಂಟಿ’ ಎನ್ನುತ್ತಾರೆ, ಏಟಿ ಎಂದರೆ ಇವರಿಗೆ ಹಳ್ಳಿಗಮಾರನ ಮಾತು. ಒಂದು ಊರಿನಲ್ಲಿ ನಗೆಪಾಟಲಾಗದೆ ಇರಲು ಕಲಿತೆ ಎಂದುಕೊಂಡರೆ ಅದೇ ರಾಜ್ಯದ ಇನ್ನೊಂದು ಊರಿನಲ್ಲಿ ಮತ್ತೆ ಮೊದಲಿನಿಂದ.

“ಯಾವೂರಾಂವ ನೀ?” ನಾಗೇಶ್ವರರಾವ್ ಕೇಳಿದ.

“ಕರ್ನಾಟಕ.”

“ಅದಕ್ಕ!” ಎಂದು ಉಳಿದವರ ಕಡೆ ತಿರುಗಿದ. “ಕನ್ನಡ ಬಾಬು ಅಂತ. ಅದಕ್ಕ ಗೊತ್ತಿಲ್ಲ. ಹತ್ತು, ವ್ಯಾನ್ ಹತ್ತು. ನಿನ್ನ ಕೆಂಪು ಪಟ್ಟಿ ತಗೊಂಡ ಹತ್ತು.”

ಬೇಡ ಎನ್ನುವಂತಿರಲಿಲ್ಲ. ಹತ್ತಿದೆ.

ಕೃಷ್ಣಾ ನದಿಯ ಘಾಟಿನಲ್ಲಿ ಹೆಂಗಸರು ಬಾಳೆದಿಂಡಿನ ದೊನ್ನೆಯಲ್ಲಿ ದೀಪ ಹಚ್ಚಿ ನೀರಿಗೆ ಬಿಡುತ್ತಿದ್ದರು. ರಸ್ತೆಯಲ್ಲಿ ಕರಿ ಬಟ್ಟೆಯ ಅಯ್ಯಪ್ಪ ಮಾಲೆಯವರು, ಕೆಂಪು ಬಟ್ಟೆಯ ಭವಾನಿ ಮಾಲೆಯವರು. ಕುಟುಂಬ ಕುಟುಂಬವೇ ದೊಡ್ಡ ಪಾತ್ರೆಗಳನ್ನು ಹೊತ್ತು ಭವಾನಿ ದ್ವೀಪದ ದೋಣಿ ಹತ್ತುತ್ತಿತ್ತು. ವನಭೋಜನ. ಕಾರ್ತಿಕದಲ್ಲಿ ಗಿಡದ ಕೆಳಗೆ ಕೂತು ಉಣ್ಣುವುದು. ತತ್ತಿ ಇಲ್ಲ, ಮಾಂಸ ಇಲ್ಲ, ಕೆಲವರಿಗೆ ಈರುಳ್ಳಿಯೂ ಇಲ್ಲ.

ಮೊದಲ ಅಂಗಡಿಯವಳು ನಮ್ಮ ವ್ಯಾನ್ ನೋಡಿಯೇ ಕೈ ಮುಗಿದಳು. “ಪೋಲಿ ಪಾಡ್ಯಮಿ ಆಗಲಿ ಬಾಬಾಯಿ, ಆಮ್ಯಾಲೆ ಬಾ.” ಬಾಬಾಯಿ ಎಂದರೆ ಚಿಕ್ಕಪ್ಪ. ಪೋಲಿ ಪಾಡ್ಯಮಿ ಎಂದರೆ ಕಾರ್ತಿಕ ಮುಗಿದ ಮರುದಿನ. ಎರಡನೆಯ ಅಂಗಡಿಯಲ್ಲೂ ಅದೇ. ಮೂರನೆಯವನು ಒಂದೇ ಟ್ರೇ ಇಳಿಸಿಕೊಂಡು ಯಾರೂ ನೋಡದ ಹಾಗೆ ಗೋಣಿಚೀಲದ ಕೆಳಗೆ ಇಟ್ಟ.

“ಬ್ಯಾರೆ ಲೈನ್ ಯಾಕ ಇಷ್ಟು ಬಿದ್ದಿಲ್ಲ?” ನಾನು ಕೇಳಿದೆ.

“ಅವು ಹೋಟೆಲ್ಲು, ಹಾಸ್ಟೆಲ್ಲು, ಬೇಕರಿ. ಕೇಕಿನಾಗ ತತ್ತಿ ಯಾರ್ ನೋಡ್ತಾರ? ನಂದು ಮನಿ ಲೈನು. ಮನ್ಯಾಗ ಅತ್ತಿ ಇರ್ತಾಳ,” ಎಂದ ನಾಗೇಶ್ವರರಾವ್. “ನಿನ್ನ ಕಂಪ್ಯೂಟರಿನ್ಯಾಗ ಅತ್ತಿ ಅದಾಳೇನು?”

ಇರಲಿಲ್ಲ. ಕಂಪ್ಯೂಟರಿನಲ್ಲಿ ತಾರೀಖು ಇತ್ತು, ಮಾಸ ಇರಲಿಲ್ಲ. ಆಗ ಮೇಡಂ ಹೇಳಿದ ಭಾನುವಾರ ನೆನಪಾಯಿತು.

ಗೋದಾಮಿನ ಹಳೆಯ ಕಂಪ್ಯೂಟರಿನಲ್ಲಿ ಹಿಂದಿನ ವರ್ಷದ ಬಿಲ್ಲುಗಳೆಲ್ಲ ಇದ್ದವು. ಇಂಗ್ಲಿಷ್ ತಿಂಗಳು ಹಿಡಿದು ಹೋಲಿಸಿದರೆ ಉಪಯೋಗವಿಲ್ಲ, ಕಾರ್ತಿಕ ಒಂದು ವರ್ಷ ಮುಂದೆ ಬರುತ್ತದೆ, ಒಂದು ವರ್ಷ ಹಿಂದೆ. ಗೋಡೆಯಲ್ಲಿ ತೆಲುಗು ಕ್ಯಾಲೆಂಡರ್ ಇತ್ತು, ಅದರ ಹಿಂದೆ ಹೋದ ವರ್ಷದ್ದೂ ಇತ್ತು. ತೆಲುಗು ಅಕ್ಷರ ನಮ್ಮದರ ತಮ್ಮನ ಹಾಗೆ, ತಲೆಕಟ್ಟು ಬೇರೆ ಅಷ್ಟೇ, ಅರ್ಧ ಓದಬಹುದು. ಉಳಿದರ್ಧ ನಾಗೇಶ್ವರರಾವ್ ಓದಿದ. ಯಾವ ಮಾಸ ಯಾವತ್ತು ಶುರು, ಯಾವತ್ತು ಮುಗಿಯುತ್ತದೆ, ಎರಡೂ ವರ್ಷದ್ದು ಒಂದು ಹೊಸ ಟೇಬಲ್ ಮಾಡಿದೆ. ಅದನ್ನು ಮಾರಾಟದ ಟೇಬಲ್ಲಿಗೆ ಜಾಯಿನ್ ಮಾಡಿದೆ. ಅಲ್ಪವಿರಾಮ ಮತ್ತೆ ಬಿಟ್ಟಿದ್ದೆ, ಹಾಕಿದೆ.

ಹೋದ ಕಾರ್ತಿಕದ ಅಷ್ಟೇ ದಿನಗಳ ಪಕ್ಕ ಈ ಕಾರ್ತಿಕ. ಭವಾನಿಪುರಂ ಲೈನ್ ಬಿದ್ದೇ ಇರಲಿಲ್ಲ. ಸ್ವಲ್ಪ ಮೇಲೆಯೇ ಇತ್ತು. ಹೋದ ವರ್ಷ ಕಾರ್ತಿಕ ಮುಗಿದ ಕೂಡಲೇ ಅದೇ ಲೈನ್ ಎಲ್ಲಕ್ಕಿಂತ ಎತ್ತರಕ್ಕೆ ಹಾರಿತ್ತು. ಒಂದು ತಿಂಗಳು ಬಾಯಿ ಕಟ್ಟಿದವರು ಸುಮ್ಮನೆ ಇರುತ್ತಾರೆಯೇ?

ನಾಗೇಶ್ವರರಾವ್ ಪರದೆ ನೋಡಿದ. “ಇದನ್ನ ನಿಮ್ಮ ಪ್ರಸಾದಗ ತೋರಸು. ನಂಗಲ್ಲ,” ಎಂದು ಬೀಡಿ ಹಚ್ಚಲು ಹೊರಗೆ ಹೋದ.

ಗಾಜುವಾಕಕ್ಕೆ ವಾಪಸ್ ಬಂದು ಮಾಲೀಕನಿಗೆ ತೋರಿಸಿದೆ. ಏನೋ ಕಂಡುಹಿಡಿದವನ ಹಾಗೆ ಹೇಳಿದೆ. “ಪ್ರಸಾದ್ ಗಾರು, ಇದು ಕಾರ್ತಿಕ ರೀ. ಕಾರ್ತಿಕದಾಗ ಇಲ್ಲಿ ಮಂದಿ ತತ್ತಿ ತಿನ್ನೂದಿಲ್ಲ.”

ಮಾಲೀಕ ನನ್ನನ್ನೇ ನೋಡಿದ. ಆಮೇಲೆ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಬಾಬು, ನಾ ಇಲ್ಲೇ ಹುಟ್ಟೇನಿ. ನಮ್ಮಪ್ಪ ತತ್ತಿ ಮಾರಿದ, ನಾ ತತ್ತಿ ಮಾರಾಕತ್ತೇನಿ. ಕಾರ್ತಿಕ ನಂಗ ಗೊತ್ತಿಲ್ಲೇನು?”

ಕಣ್ಣು ಒರೆಸಿಕೊಂಡು ಅವನೇ ಮುಂದೆ ಹೇಳಿದ.

“ಆ ಲೈನ್ ಒಮ್ಮೆ ಮುಚ್ಚಿ, ಆಮ್ಯಾಲೆ ನನ್ನ ಹೆಂಡತಿ ತಮ್ಮಗ ಕೊಡಬೇಕು. ನಾಗೇಶ್ವರರಾವ್ ನಮ್ಮಪ್ಪನ ಕಾಲದ ಮನಿಷಾ. ನಾ ಬಿಡು ಅಂದ್ರ ನಮ್ಮವ್ವನ ಮುಂದ ಹೋಗಿ ಅಳ್ತಾನ. ಡೇಟಾ ಬಿಡು ಅಂದ್ರ ಯಾರ ಮುಂದ ಅಳ್ತಾನ?”

“ಮತ್ತ ನನ್ನ ಯಾಕ ಕಲಿಸಿದ್ರಿ?”

“ಮೊದಲಿನ ಹುಡುಗ ವಿಜಯವಾಡದಾಂವ. ಹ್ವಾದ ವರ್ಷ ಹೇಳಿದ್ರ, ಇದು ಕಾರ್ತಿಕ ಐತಿ, ನಾ ಬರೆಯೂದಿಲ್ಲ ಅಂತ ಎದ್ದು ಹ್ವಾದ. ನಿಂಗ ಕಾರ್ತಿಕ ಗೊತ್ತಿರಲಿಲ್ಲ. ಅಲ್ಲಿ ಯಾರೂ ಗೊತ್ತಿರಲಿಲ್ಲ. ಭಾಳ ಚಲೋ ಮಾಡಿದಿ. ಬರೂ ಮೀಟಿಂಗಿನ್ಯಾಗ ಮೊದಲಿನ ಕೆಂಪು ಪಟ್ಟಿ ಅಷ್ಟ ತೋರಸು. ಕುರ್ಚಿ ನಿಂದ ಇರ್ತೈತಿ.”

ಈಗ ತಿಳಿಯಿತಲ್ಲ, ನನಗೆ ಡೇಟಾ ಕೆಲಸ ಹೇಗೆ ಸಿಕ್ಕಿತು ಎಂದು? ನನ್ನ ತಲೆ ನೋಡಿ ಅಲ್ಲ. ನನಗೆ ಏನು ಗೊತ್ತಿಲ್ಲ ಎಂಬುದನ್ನು ನೋಡಿ. ಪರದೇಶಿ ಎಂಬುದೇ ನನ್ನ ಸರ್ಟಿಫಿಕೇಟು.

ಅಕ್ಕನಿಗೆ ಹೇಳಿದೆ. ಅವಳು ಕಾಯಿಪಲ್ಯ ಹೆಚ್ಚುತ್ತಿದ್ದಳು.

“ಸುಮ್ಮ ಇರ್ತಿ ಇಲ್ಲೋ? ಆ ಮನಿಷಾ ನಿನ್ನ ಅಂಗಿ ಹರದಾನ. ನಿಂಗೇನ್ ಆಗಬೇಕು ಅಂವ?”

“ಏನೂ ಆಗಬೇಕಿಲ್ಲ.”

“ಮತ್ತ ಕುರ್ಚಿ ಉಳಿಸ್ಕೊ. ಮುಂದಿನ ವರ್ಷ ನಮಗ ವರ್ಗ ಆಗ್ತೈತಿ. ಆಮ್ಯಾಲೆ ಇಲ್ಲಿ ನಿನ್ನ ನೋಡವರ ಯಾರು?”

ಅವಳು ಹೇಳಿದ್ದು ಸರಿ. ಆದರೂ ಸಿಟ್ಟು ಇಳಿಯಲಿಲ್ಲ. ಇದನ್ನು ಓದಿ ನನ್ನನ್ನು ಸತ್ಯವಂತ ಎಂದು ಹೊಗಳಬೇಡಿ. ನಾಗೇಶ್ವರರಾವ್ ಮೇಲಿನ ಮರುಕದಿಂದಲೂ ಮಾಡಲಿಲ್ಲ. ಪೆದ್ದ ಎಂದು ಆರಿಸಿಕೊಂಡರಲ್ಲ, ಆ ಸಿಟ್ಟಿಗೆ ಮಾಡಿದೆ. ಆ ಕಾಗದದ ಕೆಳಗೆ ಇದ್ದದ್ದು ನನ್ನ ಹೆಸರು, ಪ್ರಸಾದನದಲ್ಲ.

ಮೀಟಿಂಗ್ ದ್ವಾರಕಾ ನಗರದ ಒಂದು ಹೋಟೆಲಿನಲ್ಲಿ. ಎಲ್ಲ ಗೋದಾಮಿನವರು, ಡ್ರೈವರುಗಳು, ಮಾಲೀಕನ ತಾಯಿ ಕೂಡ ಬಂದಿದ್ದರು. ನಾಗೇಶ್ವರರಾವ್ ಬಾಗಿಲ ಹತ್ತಿರ ಕೂತಿದ್ದ, ಎದ್ದುಹೋಗಲು ಸುಲಭ ಆಗುವ ಹಾಗೆ. ನಾನು ಮೊದಲು ಕೆಂಪು ಪಟ್ಟಿ ತೋರಿಸಿದೆ. ಮಾಲೀಕ ತಲೆ ಆಡಿಸಿದ. ಆಮೇಲೆ ಎರಡನೆಯದು ತೋರಿಸಿದೆ. ಮೇಲೆ ತೆಲುಗು ಅಕ್ಷರದಲ್ಲಿ ನಾನೇ ಟೈಪ್ ಮಾಡಿದ್ದೆ: ಹೋದ ಕಾರ್ತೀಕಂ, ಈ ಕಾರ್ತೀಕಂ.

ಹಿಂದೆ ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ. ಮಾಲೀಕನ ತಾಯಿ ಮಗನ ಕಡೆ ತಿರುಗಿ ಕೇಳಿದಳು, “ಏನೋ, ಕಾರ್ತಿಕದ ಲೆಕ್ಕ ತಗೊಂಡು ಮುಚ್ಚಾಕ ಹೊಂಟಿದ್ದೇನು?”

ಮಾಲೀಕ ಎಲ್ಲರಿಗಿಂತ ಜೋರಾಗಿ ನಕ್ಕ. ಎದ್ದು ಬಂದು ನನ್ನ ಬೆನ್ನು ತಟ್ಟಿದ. “ನೋಡ್ರಿ, ನಮ್ಮ ಕನ್ನಡ ಬಾಬು ಹೆಂಗ ಹಿಡದಾನ! ಅದಕ್ಕ ನಾನು ಡೇಟಾ ಡೇಟಾ ಅಂತ ಹೊಡಕೊಳ್ಳೂದು. ಭವಾನಿಪುರಂ ಲೈನ್ ಇರ್ತೈತಿ.” ಎಲ್ಲರೂ ಚಪ್ಪಾಳೆ ಹೊಡೆದರು. ಅವನು ನಾಚಿಕೊಂಡ, ಸೋತ ಎಂದೆಲ್ಲ ತಿಳಿಯಬೇಡಿ. ಊಟದ ಹೊತ್ತಿಗೆ ಆ ಐಡಿಯಾ ಅವನದೇ ಆಗಿತ್ತು. ಹೆಂಡತಿಯ ತಮ್ಮನಿಗೆ ಬೇರೆ ಲೈನ್ ಸಿಕ್ಕಿತು.

ನಾನು ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಮಾಲೀಕ ಪಕ್ಕದಲ್ಲಿ ಬಂದು ನಿಂತ. “ಆ ಲೈನಿನ ಲೆಕ್ಕ ಅಷ್ಟು ಹಿಡಿಸೇತಿ ನಿಂಗ. ಅಲ್ಲೇ ಇರು,” ಎಂದ. ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಹೋದ.

ಹೀಗೆ ಭವಾನಿಪುರಂಗೆ ಬಂದೆ. ಕುರ್ಚಿ ಇಲ್ಲ, ಫ್ಯಾನ್ ಇಲ್ಲ. ಟ್ರೇ ಎತ್ತುತ್ತೇನೆ, ವ್ಯಾನಿನಲ್ಲಿ ಕೂರುತ್ತೇನೆ, ಎಷ್ಟು ಇಳಿಯಿತು ಎಂದು ಮೊಬೈಲಿನಲ್ಲಿ ಒತ್ತುತ್ತೇನೆ. ಕಲಿತ ಸೆಲೆಕ್ಟು, ಜಾಯಿನ್ನು ಎಲ್ಲ ತಲೆಯಲ್ಲೇ ಕೂತಿವೆ. ಅಂಗಡಿಗೆ ಹೋದಾಗ ಇವರು ಯಾವ ವಾರ ಯಾಕೆ ಕಡಿಮೆ ಕೊಳ್ಳುತ್ತಾರೆ ಎಂದು ಸುಮ್ಮನೆ ಯೋಚನೆ ಬರುತ್ತದೆ. ಯಾರೂ ಕೇಳುವುದಿಲ್ಲ.

ನಾಗೇಶ್ವರರಾವ್ ಉಪಕಾರ ಎನ್ನಲಿಲ್ಲ. “ನೀನ ಕೆಡಿಸಿದಿ, ನೀನ ಸರಿ ಮಾಡಿದಿ. ಬಾಕಿ ಏನೂ ಇಲ್ಲ,” ಎಂದ ಮೊದಲ ದಿನವೇ. ಅವನ ಮನೆಯ ಮೇಲಿನ ರೂಮನ್ನು ನನಗೆ ಬಾಡಿಗೆಗೆ ಕೊಟ್ಟ. ನಾನು ‘ಏಟಿ’ ಎಂದರೆ ಅವನ ಹೆಂಡತಿ ಈಗಲೂ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಅಕ್ಕನ ಗಂಡನಿಗೆ ಕಾರವಾರಕ್ಕೆ ವರ್ಗವಾಯಿತು. ಚಿನ್ನು ಅಲ್ಲಿಯ ಶಾಲೆಯಲ್ಲಿ ಯಾರ ಮಾತೂ ತಿಳಿಯುವುದಿಲ್ಲ ಎಂದು ಅಳುತ್ತಾಳಂತೆ. ಫೋನಿನಲ್ಲಿ ನನ್ನ ಜೊತೆ ತೆಲುಗಿನಲ್ಲಿ ಮಾತಾಡುತ್ತಾಳೆ. ಕರ್ನಾಟಕದಲ್ಲಿ ಕೂತು ನನ್ನ ಹತ್ತಿರ ತೆಲುಗು ಮಾತಾಡುವವಳು ಅವಳೊಬ್ಬಳೇ.

ಈ ಸಲ ಶ್ರಾವಣದಲ್ಲಿ ನಾಗೇಶ್ವರರಾವ್ ಮನೆಯಲ್ಲಿ ತತ್ತಿ ಪುಲುಸು ಮಾಡಿದ್ದರು, ಹುಣಸೆಹಣ್ಣಿನ ಸಾರು. ಊಟಕ್ಕೆ ಕರೆದರು. ಒಲ್ಲೆ ಎಂದೆ. ಬೆಳಿಗ್ಗೆಯೇ ಅವ್ವ ಫೋನ್ ಮಾಡಿ ಶ್ರಾವಣ ಐತಿ, ಮುಟ್ಟಬ್ಯಾಡ ಎಂದಿದ್ದಳು. ನಾಗೇಶ್ವರರಾವ್ ತಟ್ಟೆಯ ಮುಂದೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಶ್ರಾವಣಂಲೋ ಗುಡ್ಲು ಎವಡ್ರಾ ಮಾನೇಸೇದಿ?”

ಶ್ರಾವಣದಲ್ಲಿ ತತ್ತಿ ಬಿಡುವವನು ಯಾವನಲೇ ಎಂದು. ಅವರ ಮನೆಯಲ್ಲಿ ಹೆಂಗಸರು ಶುಕ್ರವಾರ ಬಿಡುತ್ತಾರೆ, ಅಷ್ಟೇ.

ದೀಪಾವಳಿಗೆ ಊರಿಗೆ ಹೋದೆ. ಪಾಡ್ಯದ ಮರುದಿನ ಅವ್ವ ನನಗೆಂದು ತತ್ತಿ ಕುದಿಸಿ, ಸುಲಿದು, ಉಪ್ಪು ಖಾರ ಹಚ್ಚಿ ರೊಟ್ಟಿಯ ಪಕ್ಕ ಇಟ್ಟಳು. ಕಾರ್ತಿಕ ಶುರುವಾಗಿತ್ತು. ಕೈಗೆ ತಗೊಂಡೆ. ಬಾಯಿಗೆ ಹೋಗಲಿಲ್ಲ. ಭಕ್ತಿ ಅಲ್ಲ. ಘಾಟಿನ ದೀಪಗಳು, ಕೈ ಮುಗಿಯುವ ಆ ಅಂಗಡಿಯವಳು ಕಣ್ಣ ಮುಂದೆ ಬಂದರು. ವಾಪಸ್ ಇಟ್ಟೆ.

“ಯಾಕೋ?” ಅವ್ವ ಕೇಳಿದಳು. “ತೆಲಗಾಂವ ಆದಿ ಏನು?”

ಇಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಬರೀ ರೊಟ್ಟಿ ತಿಂದು ಎದ್ದೆ.

ಈಗ ವರ್ಷಕ್ಕೆ ಎರಡು ತಿಂಗಳು ತತ್ತಿ ಇಲ್ಲ ನನಗೆ, ಶ್ರಾವಣವೂ ಕಾರ್ತಿಕವೂ. ದಿನವೆಲ್ಲ ತತ್ತಿ ಹೊರುತ್ತೇನೆ.

ಇಷ್ಟೇ. ಮತ್ತೇನೂ ಇಲ್ಲ ಹೇಳುವುದಕ್ಕೆ.